ಅರಕಲಗೂಡಿನ ರಸ್ತೆಗೆ ಯಾವ ದರ್ಜೆ?

ವಿಕಿಪೀಡಿಯದಲ್ಲಿ ತಮ್ಮ ಕಡೆಯ ರಸ್ತೆಯ ಬಗ್ಗೆ ಓದಹೋದವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ. ಕರ್ನಾಟಕದ ರಾಜ್ಯ ಹೆದ್ದಾರಿಗಳ ಮೇಲೆ ಇಂಗ್ಲಿಷಿನಲ್ಲಿರುವ ಲೇಖನಗಳು ಸಾಮಾನ್ಯವಾಗಿ ನಾಲ್ಕಾರು ಸಾಲಿನವು. ರಸ್ತೆಯ ಸಂಖ್ಯೆ, ಹಾದುಹೋಗುವ ಜಿಲ್ಲೆ, ಊರುಗಳ ಪಟ್ಟಿ, ಒಟ್ಟು ಉದ್ದ, ಅಲ್ಲಿಗೆ ಮುಗಿಯಿತು. ಲೇಖನದ ಹಿಂದಿರುವ ಚರ್ಚಾಪುಟ ತೆರೆದರೆ ಅಲ್ಲಿ ಎರಡು ಮಾತು ಬರೆದಿರುತ್ತದೆ. ಗುಣಮಟ್ಟ: ಸ್ಟಬ್. ಮಹತ್ವ: ಲೋ. ಮೊದಲನೆಯದನ್ನು ಯಾರೂ ಅಲ್ಲಗಳೆಯುವುದಿಲ್ಲ, ನಾಲ್ಕು ಸಾಲಿಗೆ ಇನ್ನೇನು ಅಂಕ ಸಿಕ್ಕೀತು? ಎರಡನೆಯದು ಮಾತ್ರ ಚುಚ್ಚುತ್ತದೆ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗುವ ರಾಜ್ಯ ಹೆದ್ದಾರಿಯನ್ನೇ ನೆಚ್ಚಿಕೊಂಡ ಜನ, ‘ನಮ್ಮ ರಸ್ತೆ ಮುಖ್ಯವಲ್ಲ ಅಂತ ತೀರ್ಮಾನ ಮಾಡಿದವರು ಯಾರು?’ ಎಂದು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ. ಓದುಗರು ಅಂದುಕೊಂಡಷ್ಟು ಅವಮಾನ ಆ ದರ್ಜೆಯಲ್ಲಿಲ್ಲ. ಆದರೆ ದರ್ಜೆ ಕೊಟ್ಟವರು ಅಂದುಕೊಂಡಷ್ಟು ನ್ಯಾಯವೂ ಅದರಲ್ಲಿಲ್ಲ. ಇದು ನನ್ನ ಉತ್ತರ. ಯಾಕೆ ಹೀಗೆನ್ನುತ್ತೇನೆ ಎಂಬುದಕ್ಕೆ ದರ್ಜೆಯ ವ್ಯವಸ್ಥೆಯನ್ನು ಬುಡದಿಂದ ನೋಡಬೇಕು.

ಮೊದಲು ಗುಣಮಟ್ಟ. ಇಂಗ್ಲಿಷ್ ವಿಕಿಪೀಡಿಯದ ಏಣಿಯಲ್ಲಿ ಸ್ಟಬ್, ಸ್ಟಾರ್ಟ್, ಸಿ, ಬಿ, ಗುಡ್, ಎ, ಫೀಚರ್ಡ್ ಎಂದು ಏಳು ಮೆಟ್ಟಿಲುಗಳಿವೆ. ಕೆಳಗಿನ ನಾಲ್ಕನ್ನು ಯಾವ ಸಂಪಾದಕರಾದರೂ ಕೊಡಬಹುದು, ಯಾರನ್ನೂ ಕೇಳಬೇಕಿಲ್ಲ. ‘ಗುಡ್’ ಎನಿಸಿಕೊಳ್ಳಲು ಲೇಖನ ಬರೆಯದ ಇನ್ನೊಬ್ಬರು ಗೊತ್ತುಪಡಿಸಿದ ಮಾನದಂಡಗಳನ್ನಿಟ್ಟು ಪರಿಶೀಲಿಸಬೇಕು. ‘ಫೀಚರ್ಡ್’ ಆಗಬೇಕಾದರೆ ಹಲವರು ಕೂತು ಸಾಲು ಸಾಲಾಗಿ ಜರಡಿ ಹಿಡಿಯುತ್ತಾರೆ. ಪ್ರತಿ ಹೇಳಿಕೆಗೂ ಆಧಾರ, ವಿಷಯದ ಪೂರ್ಣತೆ, ಭಾಷೆಯ ಹದ ಎಲ್ಲವನ್ನೂ ನೋಡುತ್ತಾರೆ. ಹಾಗಾಗಿ ಸ್ಟಬ್ ಎಂಬುದು ಬೈಗುಳವಲ್ಲ, ಲೇಖನ ಇನ್ನೂ ಮೊಳಕೆಯಲ್ಲಿದೆ ಎಂಬ ಸೂಚನೆ. ಕನ್ನಡ ವಿಕಿಪೀಡಿಯದಲ್ಲಿ ಚುಟುಕು ಎನ್ನುವುದು ಇದನ್ನೇ. ಈ ಅಂಕ ರಸ್ತೆಗಲ್ಲ, ಬರಹಕ್ಕೆ ಎಂಬುದನ್ನು ಮರೆಯಬಾರದು. ನಾಲ್ಕು ಪಥದ ಹೊಳೆಯುವ ಹೆದ್ದಾರಿಯ ಮೇಲೂ ಕೆಟ್ಟ ಲೇಖನ ಇರಬಹುದು, ಗುಂಡಿ ಬಿದ್ದ ರಸ್ತೆಯ ಮೇಲೂ ಫೀಚರ್ಡ್ ಲೇಖನ ಬರಬಹುದು.

ಮಹತ್ವದ ಕಥೆ ಬೇರೆ. ವಿಕಿಪೀಡಿಯ 2001ರಲ್ಲಿ ಹುಟ್ಟಿತು. ಅದರ ಮೊದಲ ವರ್ಷಗಳಲ್ಲಿ ಎಲ್ಲರ ಮನೆಗೂ ಇಂಟರ್ನೆಟ್ ಬಂದಿರಲಿಲ್ಲ. ಆರಿಸಿದ ಲೇಖನಗಳನ್ನು ಸಿಡಿಯಲ್ಲಿ ತುಂಬಿ ಹಂಚಬೇಕೆಂಬ ಯೋಜನೆ ಆಗ ಶುರುವಾಯಿತು. ಹಾಗೆ 2007ರಲ್ಲಿ ಹೊರಬಂದ 0.5 ಆವೃತ್ತಿಯಲ್ಲಿ ಇದ್ದದ್ದು ಸುಮಾರು 2 ಸಾವಿರ ಲೇಖನಗಳು. ಲಕ್ಷಗಟ್ಟಲೆ ಲೇಖನಗಳಲ್ಲಿ 2 ಸಾವಿರ ಆರಿಸಲು ಜರಡಿ ಬೇಕಷ್ಟೆ. ಲೇಖನ ಚೆನ್ನಾಗಿದೆಯೇ ಎಂಬುದು ಒಂದು ಜರಡಿ, ವಿಷಯ ಬಿಡಲಾಗದ್ದೇ ಎಂಬುದು ಇನ್ನೊಂದು. ಟಾಪ್, ಹೈ, ಮಿಡ್, ಲೋ ಎಂಬ ನಾಲ್ಕು ದರ್ಜೆಗಳು ಬಳಕೆಗೆ ಬಂದದ್ದು ಇಂಥ ಆಯ್ಕೆಗಾಗಿ. ಜಗತ್ತಿಗೆಲ್ಲ ಒಂದೇ ಸಿಡಿ ಎಂದಾಗ ಅದರಲ್ಲಿ ಅರಕಲಗೂಡಿನ ರಸ್ತೆಗೆ ಜಾಗ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಆ ಲೆಕ್ಕದಲ್ಲಿ ‘ಲೋ’ ಸರಿಯಾದ ತೀರ್ಪೇ.

ಇದರಲ್ಲಿ ಹೊರಗಿನವರಿಗೆ ಕಾಣದ ಒಂದು ನಿಯಮವಿದೆ. ವಿಕಿಪೀಡಿಯದಲ್ಲಿ ವಿಷಯಕ್ಕೊಂದರಂತೆ ಯೋಜನಾ ಗುಂಪುಗಳಿವೆ: ಹೆದ್ದಾರಿಗಳದ್ದೊಂದು, ಭಾರತದ್ದೊಂದು, ಹೀಗೆ. 2023ರಿಂದ ಗುಣಮಟ್ಟಕ್ಕೆ ಎಲ್ಲ ಗುಂಪುಗಳ ಪರವಾಗಿ ಒಂದೇ ದರ್ಜೆ ಕೊಡುವ ಪದ್ಧತಿ ಬಂದಿದೆ. ಮಹತ್ವವನ್ನು ಮಾತ್ರ ಈಗಲೂ ಆಯಾ ಗುಂಪು ತನ್ನ ಲೆಕ್ಕಕ್ಕೆ ತಾನೇ ನಿರ್ಧರಿಸುತ್ತದೆ. ಅಂದರೆ ಒಂದೇ ರಸ್ತೆ ಜಗತ್ತಿನ ಹೆದ್ದಾರಿಗಳ ಗುಂಪಿಗೆ ‘ಲೋ’ ಆಗಿದ್ದು, ಕರ್ನಾಟಕದ ಲೇಖನಗಳನ್ನು ನೋಡಿಕೊಳ್ಳುವವರಿಗೆ ‘ಹೈ’ ಆಗಿರಬಹುದು. ಇಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ. ಮಹತ್ವ ಯಾವಾಗಲೂ ಯಾರಿಗೋ ಒಬ್ಬರಿಗೆ ಮಹತ್ವ ಎಂಬುದನ್ನು ಈ ನಿಯಮ ಒಪ್ಪಿಕೊಂಡಿದೆ. ನನಗೆ ಇಡೀ ವ್ಯವಸ್ಥೆಯಲ್ಲಿ ಬಹಳ ವಿವೇಕದ್ದು ಅನಿಸುವುದು ಈ ಭಾಗವೇ. ದುರದೃಷ್ಟವೆಂದರೆ ಅದನ್ನು ಬಳಸಿಕೊಳ್ಳುವವರು ಕಡಿಮೆ. ಹೆದ್ದಾರಿ ಗುಂಪು ಕೊಟ್ಟದ್ದನ್ನೇ ಉಳಿದವರೂ ನಕಲು ಮಾಡಿ ಮುಂದೆ ಹೋಗುತ್ತಾರೆ.

ದೋಷ ಹುಟ್ಟುವುದು ಇಲ್ಲಿ. ರಸ್ತೆಗಳಿಗೆ ಮಹತ್ವ ಕೊಡುವಾಗ ಸಂಪಾದಕರಿಗೆ ಕೈಗೆ ಸುಲಭವಾಗಿ ಸಿಗುವುದು ಸರ್ಕಾರದ ವರ್ಗೀಕರಣ. ರಾಷ್ಟ್ರೀಯ ಹೆದ್ದಾರಿಯಾದರೆ ಮೇಲೆ, ರಾಜ್ಯ ಹೆದ್ದಾರಿಯಾದರೆ ಕೆಳಗೆ, ಜಿಲ್ಲಾ ಮುಖ್ಯ ರಸ್ತೆಯಾದರೆ ಲೇಖನವೇ ಬೇಡ. ಲೇಖನ ಇರಬೇಕೋ ಬೇಡವೋ ಎಂಬ ಮಾರ್ಗಸೂಚಿಯೂ ಹೆಚ್ಚುಕಡಿಮೆ ಇದೇ ದಾರಿಯದ್ದು: ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳು ಸಾಮಾನ್ಯವಾಗಿ ಲೇಖನಕ್ಕೆ ಅರ್ಹ, ಸ್ಥಳೀಯ ರಸ್ತೆಗಳ ಅರ್ಹತೆ ಸಂದರ್ಭಕ್ಕೆ ತಕ್ಕಂತೆ. ಈ ವರ್ಗೀಕರಣ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿಕೊಳ್ಳಬೇಕು. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳ ಸಭೆ ಭಾರತದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತ್ಯ ಅಥವಾ ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಎಂದು ವಿಂಗಡಿಸಿತು. ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ಹಣ ಕೊಡುತ್ತದೆ, ರಾಜ್ಯ ಹೆದ್ದಾರಿಗೆ ರಾಜ್ಯ. ಯಾರು ಕಟ್ಟಬೇಕು, ಯಾರು ದುರಸ್ತಿ ಮಾಡಬೇಕು, ಖರ್ಚು ಯಾರ ಲೆಕ್ಕಕ್ಕೆ ಎಂಬುದನ್ನು ಇತ್ಯರ್ಥ ಮಾಡಲು ಇದು ಅತ್ಯಗತ್ಯವಾಗಿತ್ತು, ಈಗಲೂ ಆಗಿದೆ. ಓದುಗನಿಗೆ ಯಾವ ರಸ್ತೆಯ ವಿಚಾರ ತಿಳಿಯಬೇಕಾಗಿದೆ ಎಂಬ ಪ್ರಶ್ನೆ ಆ ಎಂಜಿನಿಯರುಗಳ ಮುಂದೆ ಇರಲೇ ಇಲ್ಲ. ಅವರ ವಿಂಗಡಣೆಯನ್ನು ವಿಶ್ವಕೋಶದ ಮಹತ್ವದ ಅಳತೆಗೋಲಾಗಿ ಬಳಸಿದರೆ, ದುರಸ್ತಿಯ ಹಣ ಎಲ್ಲಿಂದ ಬರುತ್ತದೆ ಎಂಬುದೇ ಜ್ಞಾನದ ತೂಕವನ್ನು ನಿರ್ಧರಿಸಿದಂತಾಗುತ್ತದೆ.

ಹಾಸನ ಜಿಲ್ಲೆಯ ನಕ್ಷೆಯನ್ನು ಮುಂದಿಟ್ಟುಕೊಂಡರೆ ಈ ಮಾತು ನಿಚ್ಚಳವಾಗುತ್ತದೆ. ಬೆಂಗಳೂರು ಕಡೆಯಿಂದ ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿನತ್ತ ಹೋಗುವುದು ರಾಷ್ಟ್ರೀಯ ಹೆದ್ದಾರಿ 75. ಮೈಸೂರು–ಹುಣಸೂರು ದಾರಿಯಲ್ಲಿರುವ ಬಿಳಿಕೆರೆಯಿಂದ ಹೊರಟು ಹೊಳೆನರಸೀಪುರ, ಹಾಸನ ಮುಟ್ಟಿ ಬೇಲೂರಿಗೆ ಸೇರುವುದು ರಾಷ್ಟ್ರೀಯ ಹೆದ್ದಾರಿ 373. ಇವೆರಡೂ ಜಿಲ್ಲಾ ಕೇಂದ್ರವನ್ನು ಹಾದೇ ಹೋಗುತ್ತವೆ. ಚನ್ನರಾಯಪಟ್ಟಣ–ಹೊಳೆನರಸೀಪುರ–ಅರಕಲಗೂಡು ರಸ್ತೆಯ ಸ್ವಭಾವವೇ ಬೇರೆ. ಜಿಲ್ಲೆಯ ಎಂಟು ತಾಲ್ಲೂಕುಗಳಲ್ಲಿ ಮೂರರ ಕೇಂದ್ರಗಳನ್ನು ಅದು ಹಾಸನವನ್ನು ಮುಟ್ಟದೆಯೇ ಹೊಲಿಯುತ್ತದೆ. ಪೂರ್ವದ ತೆಂಗಿನ ಸೀಮೆಯಿಂದ ಹೊರಟು, ಹೇಮಾವತಿಯನ್ನು ದಾಟಿ, ಹೊಳೆನರಸೀಪುರದಲ್ಲಿ ಮೈಸೂರು ರಸ್ತೆಯನ್ನು ಸಂಧಿಸಿ, ಹೊಗೆಸೊಪ್ಪು ಬೆಳೆಯುವ ಅರಕಲಗೂಡಿನ ಕಡೆಗೆ ತಿರುಗುತ್ತದೆ. ಅದರಾಚೆ ರಾಮನಾಥಪುರ, ಕೊಣನೂರು, ಕಾವೇರಿ ತೀರ, ಕೊಡಗಿನ ಗಡಿ. ಹೇಮಾವತಿಯ ಬಯಲಿಗೂ ಕಾವೇರಿಯ ದಂಡೆಗೂ ನಡುವೆ ಓಡುವ ಅಡ್ಡದಾರಿಯಿದು.

ಇಲ್ಲಿ ರೈಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊಳೆನರಸೀಪುರಕ್ಕೆ ಹಾಸನ–ಮೈಸೂರು ರೈಲು ಮಾರ್ಗವಿದೆ. ಚನ್ನರಾಯಪಟ್ಟಣಕ್ಕೆ ಬೆಂಗಳೂರು–ಹಾಸನ ಮಾರ್ಗ ಬಂದಿದೆ. ಕುಣಿಗಲ್, ಶ್ರವಣಬೆಳಗೊಳದ ಮೇಲಿನ ಆ ಮಾರ್ಗ 2017ರಲ್ಲಿ ಪೂರ್ತಿ ತೆರೆಯಿತು. ಅರಕಲಗೂಡಿಗೆ ರೈಲು ಇಲ್ಲ. ರಾಮನಾಥಪುರದ ತಂಬಾಕು ಮಾರುಕಟ್ಟೆಗೆ ಹೋಗುವ ಬೇಲು, ಆಸ್ಪತ್ರೆಗೆ ಹೋಗುವ ರೋಗಿ, ಕಾಲೇಜಿಗೆ ಹೋಗುವ ಹುಡುಗಿ, ಎಲ್ಲರೂ ರಸ್ತೆಯನ್ನೇ ನಂಬಬೇಕು. ರೈಲು, ನಾಲ್ಕು ಪಥದ ಹೆದ್ದಾರಿ ಎರಡೂ ಇರುವ ಊರಿಗೆ ಒಂದು ರಸ್ತೆ ಮುಚ್ಚಿದರೆ ತೊಂದರೆ. ಬೇರೆ ಗತಿಯಿಲ್ಲದ ಊರಿಗೆ ಅದೇ ಆದರೆ ಸಂಕಟ. ಈ ವ್ಯತ್ಯಾಸವನ್ನು ಹೆದ್ದಾರಿ ಸಂಖ್ಯೆಯ ಫಲಕ ಹೇಳುವುದಿಲ್ಲ. ಮಹತ್ವ ಅಳೆಯುವವರು ‘ಇದು ಯಾವ ವರ್ಗದ ರಸ್ತೆ’ ಎಂದು ಕೇಳುವ ಬದಲು ‘ಇದಿಲ್ಲದಿದ್ದರೆ ಯಾರು ಎಲ್ಲಿ ಸಿಕ್ಕಿಬೀಳುತ್ತಾರೆ’ ಎಂದು ಕೇಳಿದ್ದರೆ ಅರಕಲಗೂಡಿನ ರಸ್ತೆ ಕನಿಷ್ಠ ಕರ್ನಾಟಕದ ಪಟ್ಟಿಯಲ್ಲಾದರೂ ಒಂದೆರಡು ಮೆಟ್ಟಿಲು ಮೇಲಿರುತ್ತಿತ್ತು.

ಹೀಗಂದರೆ ಕೂಡಲೇ ಬರುವ ಆಕ್ಷೇಪ ಗೊತ್ತೇ ಇದೆ: ಎಲ್ಲರಿಗೂ ಅವರವರ ಊರಿನ ರಸ್ತೆಯೇ ದೊಡ್ಡದು, ಎಲ್ಲವನ್ನೂ ‘ಹೈ’ ಮಾಡಿದರೆ ದರ್ಜೆಗೆ ಅರ್ಥವೇನುಳಿಯಿತು? ಈ ಆಕ್ಷೇಪದಲ್ಲಿ ಹುರುಳಿದೆ. ನನ್ನ ವಾದ ಎಲ್ಲವನ್ನೂ ಮೇಲೆತ್ತಬೇಕೆಂಬುದಲ್ಲ. ಮೇಲೆತ್ತಲು ಕಾರಣ ಬರೆಯಬೇಕೆಂಬುದು. ಚರ್ಚಾಪುಟದಲ್ಲಿ ಎರಡು ಸಾಲು ಸಾಕು: ಈ ರಸ್ತೆ ಯಾವ ಊರುಗಳನ್ನು ಪರ್ಯಾಯವಿಲ್ಲದೆ ಜೋಡಿಸುತ್ತದೆ, ಯಾವ ನದಿ ಅಥವಾ ಘಟ್ಟ ದಾಟುತ್ತದೆ, ಇದರ ಮೇಲೆ ಬರೆಯಲು ಸ್ವತಂತ್ರ ಆಧಾರ ಎಷ್ಟಿದೆ. ಇಂಥ ಕಾರಣ ಕೊಡಲಾಗದ ರಸ್ತೆಗಳು ಹೇಗೂ ಕೆಳಗೇ ಉಳಿಯುತ್ತವೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ, ಪ್ರತಿ ರಾಜ್ಯ ಹೆದ್ದಾರಿಗೂ ಪ್ರತ್ಯೇಕ ಲೇಖನ ಬೇಕಾಗಿಯೇ ಇಲ್ಲ. ಹೇಳಲು ಸಂಖ್ಯೆ ಮತ್ತು ಉದ್ದ ಮಾತ್ರ ಇದ್ದಲ್ಲಿ ಅವನ್ನೆಲ್ಲ ‘ಹಾಸನ ಜಿಲ್ಲೆಯ ರಸ್ತೆಗಳು’ ಎಂಬ ಒಂದು ಲೇಖನದೊಳಗೆ ತರುವುದು ಓದುಗನಿಗೆ ಹೆಚ್ಚು ಉಪಕಾರ. ಒಡಕು ಚೂರುಗಳಂತಿರುವ ಹತ್ತು ಪುಟಗಳಿಗಿಂತ ಜಿಲ್ಲೆಯ ಜಾಲವನ್ನು ಒಟ್ಟಾಗಿ ತೋರಿಸುವ ಒಂದು ಪುಟ ಮೇಲು. ಸರ್ಕಾರ ಸಂಖ್ಯೆ ಕೊಟ್ಟಿದೆ ಎಂಬ ಒಂದೇ ಕಾರಣಕ್ಕೆ ಲೇಖನ ಇಡುವುದೂ ಅದೇ ಹಳೆಯ ವರ್ಗೀಕರಣಕ್ಕೆ ಶರಣಾದಂತೆ.

ಓದುಗರ ಸಂಖ್ಯೆಯನ್ನೇ ಮಹತ್ವದ ಅಳತೆ ಮಾಡಬಾರದೇ ಎಂದೂ ಕೆಲವರು ಕೇಳುತ್ತಾರೆ. ಯಾವ ಲೇಖನವನ್ನು ಎಷ್ಟು ಸಲ ತೆರೆದರು ಎಂಬ ಲೆಕ್ಕ ವಿಕಿಪೀಡಿಯದಲ್ಲಿ ಎಲ್ಲರಿಗೂ ಮುಕ್ತ. ಅದು ಒಂದು ಸಾಕ್ಷ್ಯ, ಒಪ್ಪುತ್ತೇನೆ. ಆದರೆ ಅದು ಸುದ್ದಿಯ ಬೆನ್ನು ಹತ್ತಿ ಏರಿಳಿಯುವ ಸಂಖ್ಯೆ. ಅಲ್ಲದೆ ನಾಲ್ಕೇ ಸಾಲಿನ ಲೇಖನವನ್ನು ಜನ ಓದುತ್ತಿಲ್ಲ ಎಂದು ಅದನ್ನು ಅಮುಖ್ಯ ಎನ್ನುವುದು, ಬಸ್ಸೇ ಬಿಡದೆ ಈ ಹಳ್ಳಿಗೆ ಪ್ರಯಾಣಿಕರಿಲ್ಲ ಎಂದು ವರದಿ ಕೊಟ್ಟ ಹಾಗೆ.

ಗುಣಮಟ್ಟದ ಕಡೆಗೆ ಬಂದರೆ ನನ್ನ ತಕರಾರು ಇನ್ನೂ ಗಟ್ಟಿ. ರಸ್ತೆ ಲೇಖನಗಳಿಗೊಂದು ಅಚ್ಚು ಸಿದ್ಧವಾಗಿದೆ. ಬಲಬದಿಗೆ ಮಾಹಿತಿ ಚೌಕಟ್ಟು, ಅದರಲ್ಲಿ ಫಲಕದ ಚಿತ್ರ, ಕೆಳಗೆ ದಾರಿಯ ವಿವರ, ಕೂಡು ರಸ್ತೆಗಳ ಪಟ್ಟಿ. ಅಚ್ಚು ತುಂಬಿದರೆ ಅಂಕ ಏರುತ್ತದೆ. ತುಂಬಿದ್ದು ಸರಿಯೇ ಎಂದು ನೋಡುವುದಕ್ಕೆ ಮಾತ್ರ ಸ್ಥಳ ಬಲ್ಲವರೇ ಬೇಕು. ಹೆದ್ದಾರಿ 75ರದ್ದೇ ಉದಾಹರಣೆ ತೆಗೆದುಕೊಳ್ಳಿ. 2010ರವರೆಗೆ ಬೆಂಗಳೂರು–ಹಾಸನ–ಮಂಗಳೂರು ರಸ್ತೆಯ ಸಂಖ್ಯೆ 48, ಉದ್ದ 328 ಕಿಲೋಮೀಟರ್. ಆ ವರ್ಷ ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೂ ಹೊಸ ಸಂಖ್ಯೆ ಬಂತು. ಉತ್ತರ–ದಕ್ಷಿಣ ಹೋಗುವುದಕ್ಕೆ ಸಮ ಸಂಖ್ಯೆ, ಪೂರ್ವ–ಪಶ್ಚಿಮಕ್ಕೆ ಬೆಸ ಸಂಖ್ಯೆ. ಕವಲು ರಸ್ತೆಗೆ ಮೂರಂಕಿ, ಅದರ ಕೊನೆಯ ಎರಡಂಕಿ ತಾಯಿ ಹೆದ್ದಾರಿಯದ್ದು. ಹೊಳೆನರಸೀಪುರದ ಮೇಲೆ ಹೋಗುವ 373 ಬೇಲೂರಿನಲ್ಲಿ 73ನ್ನು ಸೇರುವುದಕ್ಕೂ, ಮಡಿಕೇರಿ–ಮೈಸೂರು ದಾರಿಗೆ 275 ಎಂಬ ಹೆಸರು ಬಂದದ್ದಕ್ಕೂ ಇದೇ ಲೆಕ್ಕ. ಹಾಸನದ ರಸ್ತೆ ಬಂಟ್ವಾಳದಿಂದ ವೆಲ್ಲೂರಿನವರೆಗೆ ಚಾಚಿದ 75ರ ಭಾಗವಾಯಿತು. ಅದರ ಹಳೆಯ 48 ಎಂಬ ಸಂಖ್ಯೆ ದೆಹಲಿಯಿಂದ ಮುಂಬೈ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಹಾದು ಚೆನ್ನೈಗೆ ಹೋಗುವ ದಾರಿಗೆ ಸಂದಿತು. ಹೊಸ ಸಂಖ್ಯೆಯ ಈ ಎರಡು ಹೆದ್ದಾರಿಗಳು ಕೂಡುವುದು ನೆಲಮಂಗಲದಲ್ಲೇ. ಸಾಲದೆಂಬಂತೆ ಹಳೆಯ ಪದ್ಧತಿಯಲ್ಲಿ 75 ಎಂದರೆ ಗ್ವಾಲಿಯರ್‌ನಿಂದ ರಾಂಚಿಗೆ ಹೋಗುವ ರಸ್ತೆ.

ಇದರ ಪರಿಣಾಮವೇನೆಂದರೆ, 2009ರ ಪತ್ರಿಕಾ ವರದಿಯಲ್ಲಿ ‘ಹೆದ್ದಾರಿ 48ರಲ್ಲಿ ಭೂಕುಸಿತ’ ಎಂದಿದ್ದರೆ ಅದು ಶಿರಾಡಿ ಕಡೆಯದಿರಬಹುದು. 2019ರ ವರದಿಯಲ್ಲಿ ಅದೇ ಸಂಖ್ಯೆ ಇದ್ದರೆ ತುಮಕೂರು–ಚಿತ್ರದುರ್ಗದ ಕಡೆಯದಿರಬಹುದು. ತಾರೀಖು ನೋಡದೆ ಆಧಾರ ಜೋಡಿಸಿದ ಲೇಖನ ಅಚ್ಚುಕಟ್ಟಾಗಿ ಕಾಣುತ್ತದೆ, ಹತ್ತು ಉಲ್ಲೇಖಗಳಿರುತ್ತವೆ, ‘ಬಿ’ ದರ್ಜೆಯನ್ನೂ ಪಡೆಯುತ್ತದೆ. ಒಳಗೆ ಮಾತ್ರ ಬೇರೆ ರಸ್ತೆಯ ಇತಿಹಾಸ ಬಂದು ಕೂತಿರುತ್ತದೆ. ಈ ತಪ್ಪು ವಿಕಿಪೀಡಿಯದೊಳಗೆ ಉಳಿಯುವುದೂ ಇಲ್ಲ. ಅಲ್ಲಿಂದ ಹುಡುಕಾಟದ ಯಂತ್ರಗಳಿಗೆ, ಅಲ್ಲಿಂದ ಶಾಲೆಯ ಪ್ರಾಜೆಕ್ಟುಗಳಿಗೆ ಹರಡುತ್ತದೆ. ಹೆದ್ದಾರಿಗಳ ಲೇಖನಕ್ಕೆ ದರ್ಜೆ ಕೊಡುವವರು ಮೊದಲು ನೋಡಬೇಕಾದದ್ದು ಸಂಖ್ಯೆ ಬದಲಾದ ಕಥೆಯನ್ನು ಬಿಡಿಸಿ ಹೇಳಿದೆಯೇ ಎಂಬುದು ಎಂದು ನನ್ನ ಅಭಿಪ್ರಾಯ. ಅದಿಲ್ಲದ ಲೇಖನ ಎಷ್ಟೇ ಉದ್ದವಿದ್ದರೂ ಸ್ಟಾರ್ಟ್‌ಗಿಂತ ಮೇಲೆ ಹೋಗಬಾರದು.

ಉದ್ದವೇ ಗುಣವಲ್ಲ ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ಪಾಠವಿದೆ. 2009ರಿಂದ 2011ರ ನಡುವೆ ಗೂಗಲ್ ಕಂಪನಿ ತನ್ನ ಅನುವಾದ ಸಾಧನ ಬಳಸಿ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು, ಹಿಂದಿ ಮೊದಲಾದ ವಿಕಿಪೀಡಿಯಗಳಿಗೆ ತರಿಸಿತು. ಲೇಖನಗಳು ಮೊಳಗಟ್ಟಲೆ ಉದ್ದ, ಉಲ್ಲೇಖಗಳು ಹೇರಳ, ವಾಕ್ಯಗಳು ಮಾತ್ರ ಓದಲು ಬಾರದಂಥವು. ಅವನ್ನು ತಿದ್ದುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟವಾಯಿತು. ಮುಂದೆ 2015ರಲ್ಲಿ ಲೇಖನದ ಗುಣಮಟ್ಟವನ್ನು ಊಹಿಸುವ ಕಂಪ್ಯೂಟರ್ ವ್ಯವಸ್ಥೆಯನ್ನೂ ವಿಕಿಮೀಡಿಯ ತಂದಿತು. ಲೇಖನ ಎಷ್ಟು ಉದ್ದ, ಉಲ್ಲೇಖ ಎಷ್ಟು, ತಲೆಬರಹ ಎಷ್ಟು, ಕೊಂಡಿ ಎಷ್ಟು ಎಂಬುದನ್ನು ಅದು ಎಣಿಸುತ್ತದೆ. ಸಾವಿರಾರು ಲೇಖನಗಳನ್ನು ಮೊದಲ ಸುತ್ತಿಗೆ ವಿಂಗಡಿಸಲು ಅದು ಉಪಯುಕ್ತ. ನೆಲಮಂಗಲದಲ್ಲಿ ಕೂಡುವ ಎರಡು ಹೆದ್ದಾರಿಗಳಲ್ಲಿ ಯಾವುದು ಯಾವುದೆಂಬ ಗೊಂದಲವನ್ನು ಅದು ಹಿಡಿಯಲಾರದು.

ಅಮೆರಿಕದ ರಸ್ತೆಗಳ ಗುಂಪು ಈ ವಿಷಯದಲ್ಲಿ ಮಾಡಿದ ಕೆಲಸವನ್ನು ಗೌರವದಿಂದ ನೋಡಬೇಕು. ಫೀಚರ್ಡ್‌ಗೆ 0, ಎ ದರ್ಜೆಗೆ 1, ಹೀಗೆ ಇಳಿಯುತ್ತಾ ಸ್ಟಬ್‌ಗೆ 6 ಎಂದು ಅಂಕ ಕೊಟ್ಟು, ಒಂದು ರಾಜ್ಯದ ಎಲ್ಲ ರಸ್ತೆ ಲೇಖನಗಳ ಸರಾಸರಿ ತೆಗೆಯುವ ಲೆಕ್ಕವನ್ನು ಅವರು ರೂಢಿಸಿದರು. ಇನ್ನೂ ಎಷ್ಟು ಕೆಲಸ ಬಾಕಿಯಿದೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಎಲ್ಲವೂ ಸ್ಟಬ್ ಆದರೆ ಸರಾಸರಿ 6. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಈ ಲೆಕ್ಕದಲ್ಲಿ ನನಗೆ ಹಿಡಿಸಿದ್ದು, ಹೊಸ ಚುಟುಕು ಹುಟ್ಟಿಸಿದವರಿಗೆ ಶಹಬ್ಬಾಸ್ ಸಿಗುವುದಿಲ್ಲ ಎಂಬುದು. ಬಾಕಿ ಕೆಲಸದ ಮೊತ್ತಕ್ಕೆ ಇನ್ನೊಂದು 6 ಸೇರುತ್ತದೆ, ಅಷ್ಟೆ. ಲೇಖನಗಳ ಸಂಖ್ಯೆಯನ್ನೇ ಸಾಧನೆ ಎಂದು ಎಣಿಸುವ ರೂಢಿಗೆ ಇದಕ್ಕಿಂತ ಒಳ್ಳೆಯ ಮದ್ದು ಕಾಣೆ.

ಆದರೂ ಅದೇ ಗುಂಪಿನ ಹಲವರು 2023ರಲ್ಲಿ ವಿಕಿಪೀಡಿಯ ಬಿಟ್ಟು, ತಮ್ಮ ರಸ್ತೆ ಲೇಖನಗಳ ಪ್ರತಿಗಳೊಂದಿಗೆ ಎಎರೋಡ್ಸ್ ಎಂಬ ಬೇರೆ ವಿಕಿಗೆ ಹೋದರು. ಜಗಳ ಆಧಾರಗಳ ಮೇಲಿನದು. ನಕ್ಷೆಗಳನ್ನೂ ಸರ್ಕಾರಿ ದಾಖಲೆಗಳನ್ನೂ ನೆಚ್ಚಿ ಬರೆದ ಲೇಖನ ಉಳಿಯಬೇಕೇ, ಅಥವಾ ಪತ್ರಿಕೆ, ಪುಸ್ತಕಗಳಂಥ ಸ್ವತಂತ್ರ ಮೂಲಗಳು ಇದ್ದರೆ ಮಾತ್ರವೇ? ನಮ್ಮ ಜಿಲ್ಲೆಯ ರಸ್ತೆಗಳಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ‘ಅರಕಲಗೂಡಿನ ರಸ್ತೆಯ ಮೇಲೆ ಬರೆಯಲು ಆಧಾರ ಎಲ್ಲಿದೆ?’ ಎಂಬ ಆಕ್ಷೇಪ ಕೇಳಿದಾಗ ನಾನು ಕೊಡುವ ಉತ್ತರ, ಇಂಗ್ಲಿಷಿನ ಅಂತರ್ಜಾಲದಲ್ಲಿ ಇಲ್ಲದಿರಬಹುದು, ಕನ್ನಡದ ಮತ್ತು ಹಳೆಯ ಮೈಸೂರಿನ ಕಪಾಟಿನಲ್ಲಿ ಹುಡುಕಿದ್ದೀರಾ ಎಂಬುದು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಇದೆ, ಹಯವದನ ರಾವ್ ಅವರದ್ದಿದೆ, 1971ರ ಹಾಸನ ಜಿಲ್ಲಾ ಗೆಜೆಟಿಯರ್ ಇದೆ. ಹಾಸನ ಜಿಲ್ಲೆಯ ಶಾಸನಗಳಿಗೆಂದೇ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟ 1902ರಲ್ಲಿ ಬಂತು. ಕಬ್ಬನ್ ಆಡಳಿತದ ಕಾಲದಲ್ಲಿ, ಅಂದರೆ 1834ರಿಂದ 1861ರವರೆಗೆ, ಘಟ್ಟದ ರಸ್ತೆಗಳಿಗೆ ಸಿಕ್ಕ ಒತ್ತು, ಮಂಜರಾಬಾದಿನ ದಾರಿ ಕಾಫಿಯನ್ನು ಕರಾವಳಿಗೆ ಇಳಿಸಿದ ಬಗೆ ದಾಖಲಾಗಿರುವ ಸಂಗತಿ. ಇನ್ನು ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳು ದಶಕಗಳಿಂದ ಸೇತುವೆ, ಅಗಲೀಕರಣ, ಭೂಸ್ವಾಧೀನದ ಸುದ್ದಿ ಬರೆಯುತ್ತಲೇ ಬಂದಿವೆ. ಇವನ್ನು ಓದಬಲ್ಲವರು ದರ್ಜೆ ಕೊಡುವ ಜಾಗದಲ್ಲಿಲ್ಲ, ದರ್ಜೆ ಕೊಡುವವರು ಇವನ್ನು ಓದಲಾರರು. ಆಧಾರವಿಲ್ಲ ಎಂಬ ಮಾತಿನ ಹಿಂದಿರುವುದು ಬಹುಮಟ್ಟಿಗೆ ಈ ಅಂತರವೇ.

ಸರ್ಕಾರಿ ಅಧಿಸೂಚನೆಯನ್ನು ಪೂರ್ತಿ ತಳ್ಳಿಹಾಕುವ ಪಕ್ಷಕ್ಕೂ ನಾನು ಸೇರಿದವನಲ್ಲ. ಒಂದು ಹೆದ್ದಾರಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಗೆಜೆಟ್‌ಗಿಂತ ಖಚಿತವಾದ ಮೂಲ ಬೇರೆ ಇಲ್ಲ. ಆ ರಸ್ತೆ ಊರುಗಳಿಗೆ ಏನು ಮಾಡಿತು ಎಂಬುದಕ್ಕೆ ಮಾತ್ರ ಗೆಜೆಟ್ ಬಾಯಿ ಬಿಡುವುದಿಲ್ಲ. ಮೊದಲನೆಯದಕ್ಕೆ ಅದನ್ನೇ ಬಳಸಿ, ಎರಡನೆಯದಕ್ಕೆ ಪತ್ರಿಕೆ, ಪುಸ್ತಕಗಳನ್ನು ಬಳಸಿದ ಲೇಖನಕ್ಕೆ ಒಳ್ಳೆಯ ದರ್ಜೆ ಕೊಡಲು ಹಿಂಜರಿಯಬೇಕಿಲ್ಲ.

ಮೊಬೈಲಿನಲ್ಲಿ ನಕ್ಷೆ ಇರುವಾಗ ರಸ್ತೆಯ ಲೇಖನವೇ ಯಾಕೆ ಎಂಬ ಪ್ರಶ್ನೆಯೂ ಇದೆ. ನಕ್ಷೆ ಇವತ್ತಿನ ದಾರಿ ತೋರಿಸುತ್ತದೆ, ಅದಕ್ಕೆ ನೆನಪಿಲ್ಲ. ಶಿರಾಡಿ ಘಾಟಿಯ ರಸ್ತೆ ಕಾಂಕ್ರೀಟ್ ಕಾಮಗಾರಿಗಾಗಿ 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿತು, 2018ರಲ್ಲಿ ಮತ್ತೆ ಮುಚ್ಚಿತು, ಅದೇ ವರ್ಷದ ಮಳೆಗಾಲದಲ್ಲಿ ಕುಸಿತದಿಂದ ಸಂಚಾರ ನಿಂತಿತು, 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಜಾರಿತು. ಈ ನಾಲ್ಕು ಸಂಗತಿಗಳನ್ನು ಒಂದೆಡೆ ಇಟ್ಟು ನೋಡಿದಾಗ ಮಾತ್ರ ಘಟ್ಟವನ್ನು ಅಗೆದು ಅಗಲ ಮಾಡುವುದರ ಬೆಲೆ ಏನೆಂಬ ಪ್ರಶ್ನೆ ಕಣ್ಣಿಗೆ ಬೀಳುತ್ತದೆ. ಇವತ್ತಿನ ಗುಂಡಿಯ ದೂರು ವಿಶ್ವಕೋಶಕ್ಕೆ ಬೇಡ, ಅದು ಪತ್ರಿಕೆಯ ಕೆಲಸ. ಹತ್ತು ವರ್ಷಗಳ ಕುಸಿತದ ಸರಣಿ ಬೇಕೇ ಬೇಕು.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು, ಈಗ 30 ಸಾವಿರ ದಾಟಿದ ಲೇಖನಗಳಿವೆ. ಇಂಗ್ಲಿಷಿನ ದರ್ಜೆಗಳನ್ನು ಹಾಗೆಯೇ ಎತ್ತಿ ತರುವ ಬದಲು ಇಲ್ಲಿ ನಮ್ಮದೇ ಅಳತೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 1969ರಿಂದ 2004ರವರೆಗೆ 14 ಸಂಪುಟಗಳಲ್ಲಿ ಬಂದಾಗ ಅದರ ಸಂಪಾದಕರೂ ಮಹತ್ವದ ತೀರ್ಮಾನ ಮಾಡಿಯೇ ಇದ್ದರು. ಯಾವ ವಿಷಯಕ್ಕೆ ಎಷ್ಟು ಪುಟ, ಯಾವುದಕ್ಕೆ ಅರ್ಧ ಅಂಕಣ ಎಂಬುದೇ ಆ ತೀರ್ಮಾನ. ಅದು ಅಚ್ಚಾದ ಮೇಲೆ ಓದುಗ ಪ್ರಶ್ನಿಸುವಂತಿರಲಿಲ್ಲ. ವಿಕಿಪೀಡಿಯದಲ್ಲಿ ಅದೇ ತೀರ್ಮಾನ ಚರ್ಚಾಪುಟದಲ್ಲಿ ಬಿಚ್ಚಿಟ್ಟಿದೆ. ಕಾರಣ ಕೊಟ್ಟು ಬದಲಿಸಬಹುದು. ‘ಲೋ’ ಎಂಬುದನ್ನು ಕಂಡು ನೊಂದುಕೊಳ್ಳುವ ಹಾಸನದ ಓದುಗರು ಈ ಅವಕಾಶವನ್ನು ಬಳಸಿಕೊಳ್ಳಲಿ ಎಂದು ನನಗೆ ನಿಜವಾಗಿ ಆಸೆಯಿದೆ. ದರ್ಜೆ ಬದಲಿಸುವ ಮೊದಲು ಲೇಖನ ಬದಲಿಸಿದರೆ ವಾದ ಮಾಡುವ ಅಗತ್ಯವೇ ಕಡಿಮೆಯಾಗುತ್ತದೆ.

ಚನ್ನರಾಯಪಟ್ಟಣ–ಅರಕಲಗೂಡು ರಸ್ತೆಯ ಲೇಖನ ಚುಟುಕಿನಿಂದ ಮೇಲೇಳಲು ಉತ್ತರಿಸಬೇಕಾದ ಪ್ರಶ್ನೆಗಳು ಬಹಳವೇನಿಲ್ಲ. ಹೇಮಾವತಿಗೆ ಈ ದಾರಿಯಲ್ಲಿ ಮೊದಲ ಸೇತುವೆ ಯಾವಾಗ ಬಂತು, ಅದಕ್ಕೆ ಮುಂಚೆ ಜನ ಎಲ್ಲಿ ದಾಟುತ್ತಿದ್ದರು? ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು ನೀರು ಹರಡಿದಾಗ ಅರಕಲಗೂಡು ಕಡೆಯ ಯಾವ ಹಳೆಯ ದಾರಿಗಳು ಬದಲಾದವು? ಶ್ರವಣಬೆಳಗೊಳದಲ್ಲಿ 2006ರಲ್ಲೂ 2018ರಲ್ಲೂ ಮಹಾಮಸ್ತಕಾಭಿಷೇಕ ನಡೆದಾಗ ಸುತ್ತಲಿನ ರಸ್ತೆಗಳಿಗೆ ಬಂದ ಹಣದಲ್ಲಿ ಇದರ ಪಾಲೆಷ್ಟು? ಹೊಳೆನರಸೀಪುರದ ಕೂಡುರಸ್ತೆ ಊರನ್ನು ಯಾವ ದಿಕ್ಕಿಗೆ ಬೆಳೆಸಿತು? ಲೋಕೋಪಯೋಗಿ ಇಲಾಖೆಯ ಕಡತ, ಗೆಜೆಟಿಯರ್, ಹಳೆಯ ಪತ್ರಿಕೆ ಮತ್ತು ತಾಲ್ಲೂಕು ಗ್ರಂಥಾಲಯದ ಒಂದೆರಡು ಪುಸ್ತಕಗಳಲ್ಲಿ ಇವುಗಳ ಬೆನ್ನು ಹತ್ತಬಹುದು. ಹೊಳೆನರಸೀಪುರದ ಒಂದು ಕಾಲೇಜಿನ ಇತಿಹಾಸ ವಿಭಾಗ ಒಂದು ವರ್ಷ ಇದನ್ನೇ ವಿದ್ಯಾರ್ಥಿಗಳ ಕಿರು ಅಧ್ಯಯನದ ವಿಷಯ ಮಾಡಿಕೊಂಡರೆ ಸಾಕು, ‘ಸಿ’ ದರ್ಜೆಗೆ ಬೇಕಾದ ಸಾಮಗ್ರಿ ಅವರ ಕೈಯಲ್ಲಿರುತ್ತದೆ.